ಬೆಸುಗೆ ಹಾಕಿದ ಬಾಲ್ಕನಿ

ನಮ್ಮ ಮಾವ ಬೋಲ್ಟು ಕಂಡರೆ ಉರಿದುಬೀಳುತ್ತಿದ್ದರು. ಕಿಟಕಿ, ಬಾಲ್ಕನಿಗಳಿಗೆ ಕಬ್ಬಿಣದ ಗ್ರಿಲ್ ಮಾಡುವುದು ಅವರ ಕಸುಬು. ಬೀದಿಗೆಲ್ಲ ಅವರು ಗ್ರಿಲ್ ಯಜಮಾನರು. ಬೇರೆಯವರು ಗ್ರಿಲ್ಲನ್ನು ನಾಲ್ಕು ಮೂಲೆಯಲ್ಲಿ ಬೋಲ್ಟು ಬಿಗಿದು ನಿಲ್ಲಿಸುತ್ತಾರೆ, ಬೇಕೆಂದಾಗ ಬಿಚ್ಚಬಹುದು. ಮಾವ ಹಾಗಲ್ಲ. ಗೋಡೆಯೊಳಗೆ ಮೊದಲು ಕಬ್ಬಿಣದ ತುಂಡುಗಳನ್ನು ಹೂತು, ಸಿಮೆಂಟು ಗಟ್ಟಿಯಾದ ಮೇಲೆ ಗ್ರಿಲ್ಲನ್ನು ಅವಕ್ಕೇ ಬೆಸುಗೆ ಹಾಕಿಬಿಡುತ್ತಿದ್ದರು. "ಬೋಲ್ಟ್ ಹಾಕೋದು ಅಂದ್ರೆ ಕಳ್ಳನ ಕೈಗೆ ಸ್ಪ್ಯಾನರ್ ಕೊಟ್ಟ ಹಾಗೆ. ನಾನು ಹಾಕಿದ್ದನ್ನ ನಾನೇ ಬಂದ್ರೂ ತೆಗೆಯೋಕಾಗ್ಬಾರ್ದು," ಎಂದು ಗಿರಾಕಿಗಳ ಮುಂದೆ ಎದೆ ತಟ್ಟಿ ಹೇಳುತ್ತಿದ್ದರು. ಗಿರಾಕಿಗಳು ತಲೆದೂಗುತ್ತಿದ್ದರು. ನಮ್ಮ ಬೀದಿಯಲ್ಲಿ ಬಚ್ಚಲುಮನೆಯ ಬೆಳಕಿಂಡಿಗೂ ಅವರ ಸರಳುಗಳಿವೆ. ಕಳ್ಳ ಹಾಗಿರಲಿ, ಬೆಕ್ಕು ಕೂಡ ಇಲ್ಲಿ ಬಾಗಿಲಿನಿಂದಲೇ ಒಳಗೆ ಬರಬೇಕು.

ನಾನು ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ನನಗೆ ಅರ್ಥವಾಗದೆ ಹೋದದ್ದು ಮೆಟ್ಟಿಲು. ಕೆಳಗಿನ ಅಂತಸ್ತು ಪೂರ್ತಿ ಮಾವನ ವರ್ಕ್‌ಶಾಪು. ಮೇಲೆ ಎರಡು ಕೋಣೆ, ಒಂದು ಅಡುಗೆಮನೆ, ಬೀದಿಯ ಕಡೆಗೆ ಒಂದು ಬಾಲ್ಕನಿ, ಅದರಲ್ಲಿ ನಾವು. ನಡುವೆ ಒಂದು ಕಂಬದ ಸುತ್ತ ಸುತ್ತಿಕೊಂಡು ಏರುವ ಕಬ್ಬಿಣದ ಮೆಟ್ಟಿಲು. ಎಲ್ಲರಂತೆ ನೇರ ಮೆಟ್ಟಿಲು ಕಟ್ಟಿಸಿದ್ದರೆ ಸರಳು ಕತ್ತರಿಸುವ ಮೇಜಿಗೆ ಜಾಗ ಸಾಲುತ್ತಿರಲಿಲ್ಲವಲ್ಲ, ಅದಕ್ಕೆ. ಆ ಮೆಟ್ಟಿಲಲ್ಲಿ ಅಕ್ಕಿ ಮೂಟೆ ತರಬೇಕಾದರೆ ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಅಪ್ಪಿಕೊಂಡೇ ತರಬೇಕು.

"ಹಾಗಾದ್ರೆ ಈ ಮಂಚ, ಬೀರು ಎಲ್ಲ ಹೇಗ್ರೀ ಮೇಲೆ ಬಂತು?" ಎಂದು ನನ್ನ ಗಂಡನನ್ನು ಕೇಳಿದ್ದೆ.

"ಬಾಲ್ಕನಿಯಿಂದ. ಹಗ್ಗ ಕಟ್ಟಿ ಎಳೆದ್ವಿ. ಆಮೇಲೆ ಅಪ್ಪ ಬಾಲ್ಕನಿಗೆ ಗ್ರಿಲ್ ಹಾಕಿದ್ರು."

"ಮತ್ತೆ ಕೆಳಗಿಳಿಸಬೇಕಾದ್ರೆ?"

"ಯಾಕೆ ಇಳಿಸಬೇಕು?" ಎಂದರು. ಅಪ್ಪನಿಗೆ ತಕ್ಕ ಮಗ. ಒಳಗೆ ಬಂದದ್ದು ಒಂದು ದಿನ ಹೊರಗೆ ಹೋಗಬೇಕಾದೀತು ಎಂಬುದು ಆ ಮನೆಯ ಗಂಡಸರಿಗೆ ತೋಚಿರಲೇ ಇಲ್ಲ.

ಅತ್ತೆ ಆಗ ಓಡಾಡಿಕೊಂಡಿದ್ದರು. ಓಡಾಡಿಕೊಂಡು ಎಂದರೆ ಸಾಲದು, ವರ್ಕ್‌ಶಾಪಿನ ಅರ್ಧ ಜೀವ ಅವರೇ. ಗ್ರಿಲ್ಲಿಗೆ ಕೆಂಪು ಪ್ರೈಮರ್ ಬಳಿಯುತ್ತಿದ್ದವರು ಅವರು; ಮಾವ ಬೆಸುಗೆ ಹಾಕುವಾಗ ಸರಳನ್ನು ಅಲುಗದಂತೆ ಹಿಡಿದುಕೊಂಡು, ಕಿಡಿ ಹಾರುವ ಹೊತ್ತಿಗೆ ಮುಖ ಆ ಕಡೆ ತಿರುಗಿಸುತ್ತಿದ್ದವರು ಅವರು; ಬಾಗಿಲಲ್ಲಿ ಸ್ಟೂಲು ಹಾಕಿ ಕೂತು ಹೋಗಿಬರುವವರನ್ನೆಲ್ಲ ಮಾತಾಡಿಸುತ್ತಿದ್ದವರೂ ಅವರೇ. ಮಾವನಿಗೆ ಮಾತು ಕಡಿಮೆ, ಸಿಟ್ಟು ಜಾಸ್ತಿ. ಗಿರಾಕಿಗಳು ಬರುತ್ತಿದ್ದದ್ದು ಮಾವನ ಕೈಕೆಲಸಕ್ಕೆ, ನಿಲ್ಲುತ್ತಿದ್ದದ್ದು ಅತ್ತೆಯ ಬಾಯಿಗೆ.

ಆಮೇಲೆ ಒಂದು ಬೆಳಿಗ್ಗೆ ಅವರ ಎಡಭಾಗ ಬಿದ್ದುಹೋಯಿತು. ಮಾವ ಅವರನ್ನು ಬೆನ್ನ ಮೇಲೆ ಹೊತ್ತು ಆ ಮೆಟ್ಟಿಲು ಇಳಿದು ಆಸ್ಪತ್ರೆಗೆ ಸೇರಿಸಿದರು, ವಾಸಿಯಾದಷ್ಟು ವಾಸಿಯಾದ ಮೇಲೆ ಬೆನ್ನ ಮೇಲೆಯೇ ಹೊತ್ತು ತಂದರು. ಅಷ್ಟೇ. ಮತ್ತೆ ಅತ್ತೆ ಕೆಳಗಿಳಿಯಲಿಲ್ಲ. ಬರಬರುತ್ತ ಎಡಗಾಲು ಕೋಲಿನಂತೆ ಸೆಟೆದುಕೊಂಡಿತು, ಮಲಗಿ ಮಲಗಿ ಮೈ ಬಂತು, ಮಾವನ ಸೊಂಟಕ್ಕೆ ಬೆಲ್ಟು ಬಂತು. ಮಂಚವನ್ನು ಬಾಲ್ಕನಿಗೆ ತಾಗಿಸಿ ಹಾಕಿದೆವು. "ಗಾಳಿ ಬರುತ್ತೆ, ಬೀದಿ ಕಾಣುತ್ತೆ," ಎಂದು ಮಾವ ದೊಡ್ಡ ಉಪಕಾರ ಮಾಡಿದವರಂತೆ ಹೇಳಿದರು. ಬೀದಿ ಕಾಣುತ್ತಿತ್ತು, ನಿಜ. ಸರಳುಗಳ ನಡುವೆ, ಪಟ್ಟಿಪಟ್ಟಿಯಾಗಿ. ಮೊದಮೊದಲು ಅತ್ತೆ ಮೇಲಿಂದಲೇ ಕೂಗಿ ಜನರನ್ನು ಮಾತಾಡಿಸುತ್ತಿದ್ದರು. ನಾಲಿಗೆ ತೊದಲುತ್ತಿದ್ದುದರಿಂದ ಕೆಳಗಿನವರಿಗೆ ಅರ್ಥವಾಗುತ್ತಿರಲಿಲ್ಲ. ಅವರು ಸುಮ್ಮನೆ ಕೈಬೀಸಿ ಹೋಗುತ್ತಿದ್ದರು. ಆಮೇಲೆ ಕೂಗುವುದನ್ನು ಬಿಟ್ಟರು. ತಿಂಗಳಿಗೊಮ್ಮೆಯಾದರೂ ಅವರು ಕೇಳುತ್ತಿದ್ದರು, "ರೀ, ಒಂದು ಸಲ ಕೆಳಗೆ ಕರ್ಕೊಂಡು ಹೋಗ್ರಿ." ಮಾವ, "ಬಿಸಿಲು ಕಡಿಮೆಯಾಗ್ಲಿ," ಎನ್ನುತ್ತಿದ್ದರು. ಬಿಸಿಲು ಕಡಿಮೆಯಾದರೆ ಚಳಿ ಕಡಿಮೆಯಾಗಬೇಕಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಧ್ವನಿವರ್ಧಕ ಕಟ್ಟಿಕೊಂಡ ಜೀಪು ಬಂತು. ಮೇಲಿನ ಅಣೆಕಟ್ಟೆ ತುಂಬಿದೆ, ಸಂಜೆ ಗೇಟು ತೆಗೆಯುತ್ತಾರೆ, ತಗ್ಗಿನ ಬೀದಿಯವರೆಲ್ಲ ಅಷ್ಟರೊಳಗೆ ದಿಬ್ಬದ ಶಾಲೆಗೆ ಹೋಗಬೇಕು, ಲಾರಿಗಳು ಬರುತ್ತವೆ. ನಮ್ಮ ಕಡೆ ಒಂದು ಹನಿ ಮಳೆ ಇರಲಿಲ್ಲ. ಒಗೆದ ಬಟ್ಟೆ ತಂತಿಯ ಮೇಲೆ ಗರಿಗರಿಯಾಗಿ ಒಣಗಿತ್ತು. ಅಂಥ ಬಿಸಿಲಲ್ಲಿ ನೀರು ಬರುತ್ತದೆ ಎಂದರೆ ನಂಬುವುದಾದರೂ ಹೇಗೆ? ಆದರೆ ಜೀಪು ಆ ಕಡೆ ತಿರುಗುವಷ್ಟರಲ್ಲಿ ಕರೆಂಟು ತೆಗೆದರು. ಫ್ಯಾನು ನಿಂತಾಗ ನನಗೆ ಹೆದರಿಕೆಯಾಯಿತು.

ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಅಂದು ರಜೆ. ಗಂಡ ಲಾರಿ ಓಡಿಸುತ್ತಾರೆ, ಎಲ್ಲೋ ದೂರದ ದಾರಿಯಲ್ಲಿದ್ದರು. ಫೋನಿನಲ್ಲಿ "ಅಮ್ಮನ್ನ ನೋಡ್ಕೋ, ಅಮ್ಮನ್ನ ನೋಡ್ಕೋ" ಎಂದು ಎರಡು ಸಲ ಹೇಳುವಷ್ಟರಲ್ಲಿ ಲೈನು ಕಡಿದುಹೋಯಿತು. ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿದೆ. ಅತ್ತೆಯ ಮಾತ್ರೆಗಳು, ಅವರ ಒಂದು ಜೊತೆ ಬಟ್ಟೆ, ಹಳೆ ಸೀರೆಯ ತುಂಡುಗಳು, ಬೆಡ್‌ಪ್ಯಾನು, ಮನೆಪತ್ರದ ಚೀಲ, ನೀರಿನ ಬಾಟಲಿ. ಗ್ಯಾಸ್ ಸಿಲಿಂಡರಿನ ವಾಲ್ವು ಮುಚ್ಚಿದೆ. ಹಾಸಿಗೆ ಹೊದಿಕೆ ಎತ್ತಿ ಬೀರುವಿನ ಮೇಲೆ ಒಟ್ಟಿದೆ. ಕೈ ಕೆಲಸ ಮಾಡುತ್ತಿತ್ತು, ತಲೆಯೊಳಗೆ ಒಂದೇ ಪ್ರಶ್ನೆ. ಅತ್ತೆಯನ್ನು ಇಳಿಸುವುದು ಹೇಗೆ?

ಕೆಳಗಿಂದ ದಡಬಡ ಸದ್ದು ಬರುತ್ತಿತ್ತು. ಬಗ್ಗಿ ನೋಡಿದೆ. ಮಾವ ವೆಲ್ಡಿಂಗ್ ಮೆಷೀನನ್ನು ಹೆಗಲಿಗೆ ಏರಿಸಿಕೊಂಡು ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಿದ್ದರು. ಆಗಲೇ ಡ್ರಿಲ್ಲು, ಕಟಿಂಗ್ ಮೆಷೀನು, ರಾಡಿನ ಪೊಟ್ಟಣಗಳು ಎಲ್ಲ ಅಡುಗೆಮನೆಗೆ ಬಂದು ಕೂತಿದ್ದವು. ನನ್ನ ಪಿತ್ತ ನೆತ್ತಿಗೇರಿತು.

"ಮಾವ, ಮೆಷೀನ್ ಮೇಲೆ ಬರೋಕೆ ಮೆಟ್ಟಿಲು ಸಾಕಾಗುತ್ತೆ. ಅತ್ತೆ ಕೆಳಗೆ ಹೋಗೋಕೆ?"

ಅವರು ಮೆಷೀನನ್ನು ಇಳಿಸಿ ಬೆವರು ಒರೆಸಿಕೊಂಡರು. "ಅದಕ್ಕೆ ಅಂತ ರಕ್ಷಣಾ ದಳದವರು ಬರ್ತಾರಮ್ಮ. ಅವರ ಹತ್ರ ಎಲ್ಲ ಇರುತ್ತೆ."

ರಕ್ಷಣಾ ದಳದ ಇಬ್ಬರು ಬಂದರು, ಕಿತ್ತಳೆ ಬಣ್ಣದ ಜಾಕೀಟು ತೊಟ್ಟವರು. ಸ್ಟ್ರೆಚರ್ ಮೊದಲ ಸುತ್ತಿನಲ್ಲೇ ಸಿಕ್ಕಿಕೊಂಡಿತು. ಅಡ್ಡ ಹಿಡಿದರು, ಉದ್ದ ಹಿಡಿದರು, ನಿಲ್ಲಿಸಿ ನೋಡಿದರು. ಜಪ್ಪಯ್ಯ ಅಂದರೂ ತಿರುಗಲಿಲ್ಲ. ಒಬ್ಬ ಬರಿಗೈಯಲ್ಲಿ ಮೇಲೆ ಬಂದು ಅತ್ತೆಯ ಕಾಲು ಮುಟ್ಟಿ ನೋಡಿದ. "ಮಡಚಲ್ವಾ?" ಎಂದ. "ಮಡಚಿದ್ರೆ ನಾನೇ ನಡ್ಕೊಂಡು ಹೋಗ್ತಿದ್ದೆನಲ್ಲಪ್ಪಾ," ಎಂದರು ಅತ್ತೆ. ಅವನಿಗೆ ಅರ್ಥವಾಗಲಿಲ್ಲ, ನನ್ನ ಮುಖ ನೋಡಿದ. ಸೆಟೆದ ಕಾಲಿನವರನ್ನು ಆ ಸುತ್ತು ಮೆಟ್ಟಿಲಲ್ಲಿ ಹೊತ್ತು ಇಳಿಸುವುದೂ ಆಗುವ ಮಾತಲ್ಲ. ಆಮೇಲೆ ಬಾಲ್ಕನಿಗೆ ಹೋಗಿ ಗ್ರಿಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿದ. ಮನೆ ಅಲುಗಿದರೂ ಅದು ಅಲುಗುವ ಹಾಗಿರಲಿಲ್ಲ.

"ಯಾರು ಮಾಡಿದ್ದು ಇದನ್ನ?"

ಜೀವನದಲ್ಲಿ ಮೊದಲ ಸಲ ಆ ಪ್ರಶ್ನೆಗೆ ಮಾವ ಎದೆ ತಟ್ಟಿಕೊಳ್ಳಲಿಲ್ಲ.

ಕಬ್ಬಿಣ ಕತ್ತರಿಸುವ ಯಂತ್ರ ಬೇರೆ ಬೀದಿಗೆ ಹೋಗಿದೆ, ಸಿಕ್ಕರೆ ತರುತ್ತೇವೆ, ಅಷ್ಟರಲ್ಲಿ ನೀವು ಏನಾದರೂ ಪ್ರಯತ್ನ ಮಾಡಿ ಎಂದು ಹೇಳಿ ಅವರು ಮುಂದಿನ ಮನೆಗೆ ಹೋದರು. ಸಿಕ್ಕರೆ ಎಂಬ ಮಾತು ನನ್ನ ಕಿವಿಯಲ್ಲೇ ಉಳಿಯಿತು. ಕರೆಂಟಿಲ್ಲದೆ ಮಾವನ ಕಟಿಂಗ್ ಮೆಷೀನು ಬರೀ ಕಬ್ಬಿಣದ ಮುದ್ದೆ. ಅವರು ಹ್ಯಾಕ್ಸಾ ತಂದರು, ಅದೇ ಕೈಗರಗಸ. ಬಾಲ್ಕನಿಯ ಗ್ರಿಲ್ಲು ಎರಡು ತುಂಡಿನದು, ಬಲಗಡೆಗೊಂದು, ಎಡಗಡೆಗೊಂದು. ಬಲಗಡೆಯ ತುಂಡಿನ ಮುಂದೆ ಕೂತು ಕುಯ್ಯತೊಡಗಿದರು.

ಬೀದಿ ಖಾಲಿಯಾಗುತ್ತಿತ್ತು. ಜನ ಮೂಟೆ ಹೊತ್ತು, ಹಿಂದಿನಿಂದ ಮಾವನದೇ ಗ್ರಿಲ್ಲಿನ ಬಾಗಿಲುಗಳನ್ನು ಎಳೆದು, ಬೀಗ ಜಗ್ಗಿ ನೋಡಿ, ಲಾರಿ ಹತ್ತುತ್ತಿದ್ದರು. ಎದುರಿನ ಹಾಲಿನಂಗಡಿಯವನು ಅಂಗಡಿಯ ಷಟರ್ ಎಳೆದು ಮೇಲೆ ನೋಡಿದ. "ಏನ್ ಯಜಮಾನ್ರೇ, ಇವತ್ತು ಕಳ್ಳನ ಕೆಲಸ ಮಾಡ್ತಿದ್ದೀರಾ!" ಎಂದು ನಗೆಯಾಡಿದ. ಮಾವ ನಗಲಿಲ್ಲ. ಅವನಿಗೂ ವಿಷಯ ತಿಳಿದು ಮುಖ ಸಪ್ಪಗಾಯಿತು. ಚೀಲ ಲಾರಿಯಲ್ಲಿ ಎಸೆದು ಮೇಲೆ ಬಂದ. "ನಾನು ಸ್ವಲ್ಪ ಹೊತ್ತು ಕುಯ್ತೀನಿ, ಕೊಡಿ."

ಇಬ್ಬರೂ ಸರದಿಯ ಮೇಲೆ ಕುಯ್ದರು. ಬ್ಲೇಡು ಮುರಿಯಿತು. ಇನ್ನೊಂದು ಹಾಕಿದರು, ಅದೂ ಮುರಿಯಿತು. ಇಷ್ಟು ಹೊತ್ತಿಗೆ ಒಂದು ಸರಳಿನ ಒಂದು ತುದಿ ಬಿಟ್ಟಿತ್ತು. ಇನ್ನು ಎಷ್ಟು ಸರಳು, ಎಷ್ಟು ತುದಿ! ಕೆಳಗೆ ಮೋರಿಯ ನೀರು ಹರಿಯಬೇಕಾದ ಕಡೆ ಹರಿಯದೆ ಹಿಂದಕ್ಕೆ ಬರುತ್ತಿತ್ತು, ಕಸ ಕಡ್ಡಿಯ ಸಮೇತ. ಲಾರಿಯವನು ಹಾರ್ನ್ ಒತ್ತಿಹಿಡಿದ. ಮೂವರು ಗಟ್ಟಿಮುಟ್ಟಾದವರು ಆ ಮೆಟ್ಟಿಲು ಇಳಿದು ಹೋಗಬಹುದು, ಅತ್ತೆ ಹೋಗುವ ಹಾಗಿಲ್ಲ. ಹಾಗಾಗಿ ಯಾರೂ ಹೋಗುವ ಹಾಗಿಲ್ಲ. ಈ ಮನೆ ಮನೆಯಲ್ಲ, ಬೋನು ಎಂದು ನನಗೆ ಆಗ ಅನ್ನಿಸಿತು. ಆಗ ಅನ್ನಿಸಿದ್ದು ನನಗೆ. ಅತ್ತೆಗೆ ಎಂದೋ ಅನ್ನಿಸಿರಬೇಕು.

ಮಂಚದಿಂದ ಅತ್ತೆ ಏನೋ ಹೇಳಿದರು. ಮಾವನಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಕೇಳಿಸದವರಂತೆ ಇದ್ದರೋ, ಬೆನ್ನು ತಿರುಗಿಸಲಿಲ್ಲ. ಅತ್ತೆ ನನ್ನನ್ನು ಕರೆದರು. ಅವರ ತೊದಲು ನನಗೆ ಅಭ್ಯಾಸವಾಗಿತ್ತು.

"ಎಡಗಡೆದು ಹೊಡೀರಿ ಅಂತ ಹೇಳಮ್ಮ. ಅದು ಚುಕ್ಕಿ ಬೆಸುಗೆ."

ಚುಕ್ಕಿ ಬೆಸುಗೆ ಎಂದರೆ ಗ್ರಿಲ್ಲು ಅಲುಗದೆ ನಿಲ್ಲಲಿ ಎಂದು ಮೊದಲು ಅಲ್ಲಲ್ಲಿ ಇಡುವ ಬೊಟ್ಟು. ಅದು ನಿಂತ ಮೇಲೆ ಉದ್ದಕ್ಕೂ ಪೂರ್ತಿ ಬೆಸುಗೆ ಎಳೆಯಬೇಕು. ಎಳೆಯದಿದ್ದರೆ ನೋಡಲು ಗಟ್ಟಿ, ಅಷ್ಟೇ.

ನಾನು ಮಾವನ ಮುಖ ನೋಡಿದೆ. ಹಾಲಿನಂಗಡಿಯವನೂ ನೋಡಿದ. ಮಾವನ ಕೈಯಲ್ಲಿದ್ದ ಗರಗಸ ನಿಂತಿತ್ತು.

"ಅವತ್ತು ಕರೆಂಟ್ ಸರಿಯಾಗಿ ಬರ್ತಿರ್ಲಿಲ್ಲ," ಎಂದು ಅತ್ತೆ ನಿಧಾನವಾಗಿ, ಒಂದೊಂದೇ ಶಬ್ದ ಒತ್ತಿ ಹೇಳಿದರು, ಎಲ್ಲರಿಗೂ ಅರ್ಥವಾಗುವ ಹಾಗೆ. "ನಾಳೆ ಎಳೀತೀನಿ ಅಂದ್ರಿ. ಮಾರನೇ ದಿನ ಬೇರೆ ಕೆಲಸ ಬಂತು. ನನ್ನ ಕೈಲೇ ಬಣ್ಣ ಬಳಿಸಿದ್ರಿ. ಮರೆತ್ರಾ?"

ಮರೆತಿರಲಿಲ್ಲ. ಅವರ ಕಿವಿ ಕೆಂಪಾದದ್ದರಲ್ಲೇ ಗೊತ್ತಾಯಿತು. ಗೊತ್ತಿದ್ದೂ ಈ ಮನುಷ್ಯ ಬ್ಲೇಡಿನ ಮೇಲೆ ಬ್ಲೇಡು ಮುರಿಯುತ್ತ ಬಲಗಡೆಯ ಗಟ್ಟಿ ಬೆಸುಗೆಗೆ ತಲೆ ಚಚ್ಚಿಕೊಳ್ಳುತ್ತಿದ್ದರು, ಬೀದಿಯವರ ಎದುರು ತನ್ನ ಕೆಲಸ ಕಳಪೆ ಎಂದು ತೋರಬಾರದೆಂದು! ನನಗೆ ಅವರ ಕೈಯಿಂದ ಗರಗಸ ಕಿತ್ತು ಬೀದಿಗೆ ಎಸೆಯಬೇಕು ಅನ್ನಿಸಿತು. ಬದಲಿಗೆ ದೊಡ್ಡ ಸುತ್ತಿಗೆ ತಂದು ಅವರ ಕೈಗೆ ಕೊಟ್ಟೆ.

ಎಡಗಡೆಯ ಮೂಲೆಗೆ ಮೊದಲ ಏಟು ಬಿದ್ದಾಗ ಬಣ್ಣದ ಚಕ್ಕೆ ಹಾರಿತು. ಇನ್ನೊಂದು ಏಟಿಗೆ ಬೊಟ್ಟು ಕಡಿಯಿತು. ಆಮೇಲೆ ಮಾವ ನಿಲ್ಲಿಸಲಿಲ್ಲ. ಸೊಂಟದ ಬೆಲ್ಟು ಜಾರಿ ಬಿದ್ದರೂ ಎತ್ತಿಕೊಳ್ಳಲಿಲ್ಲ. ಒಂದಾದ ಮೇಲೊಂದು ಬೊಟ್ಟು ಬಿಡುತ್ತ ಬಂದು, ಕೊನೆಗೆ ಹಾಲಿನಂಗಡಿಯವನು ಒದ್ದ ಒದೆತಕ್ಕೆ ಎಡಗಡೆಯ ಗ್ರಿಲ್ಲು ಇಡಿಯಾಗಿ ಕಿತ್ತುಕೊಂಡು ಬೀದಿಗೆ ಬಿತ್ತು. ಆ ಸದ್ದಿಗೆ ಲಾರಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅತ್ತೆ ಅಷ್ಟಗಲ ಖಾಲಿ ಜಾಗವನ್ನೇ ನೋಡುತ್ತಿದ್ದರು.

ಮುಂದಿನದು ಮಾವನಿಗೆ ಗೊತ್ತಿದ್ದ ಕೆಲಸ. ಕೋಣೆಯ ಬಾಗಿಲನ್ನು ಕೀಲಿನಿಂದ ಕಳಚಿ, ಅದರ ಮೇಲೆ ಹಾಸಿಗೆ ಹಾಕಿ, ಅತ್ತೆಯನ್ನು ಮಲಗಿಸಿ ಸೀರೆಗಳಿಂದ ಬಿಗಿದೆವು. ಮಂಚ ಎಳೆದಾಗಿನ ಕೊಕ್ಕೆ ಬಾಲ್ಕನಿಯ ಚಾವಣಿಯಲ್ಲಿ ಇನ್ನೂ ಇತ್ತು. ರಾಟೆ ಹಾಕಿ, ಹಗ್ಗ ಬಿಗಿದು, ನಾವು ಮೇಲಿಂದ ಬಿಡುತ್ತ ಹೋದಂತೆ ಲಾರಿಯಿಂದ ಇಳಿದು ಬಂದ ಗಂಡಸರು ಕೆಳಗಿಂದ ಹಿಡಿದುಕೊಂಡರು. ಅಷ್ಟರಲ್ಲಿ ಅವರು ನಿಂತಿದ್ದ ಕಡೆ ಪಾದ ಮುಳುಗುವಷ್ಟು ನೀರಿತ್ತು. "ನಿಧಾನ, ನಿಧಾನ," ಎಂದು ಮಾವ ಗದರುತ್ತಲೇ ಇದ್ದರು. ಗದರುವ ಧ್ವನಿ ಅಳುವ ಧ್ವನಿಯಾಗಿದ್ದು ನನಗೆ ತಿಳಿಯಿತು.

ದಿಬ್ಬದ ಶಾಲೆಯಲ್ಲಿ ನಮಗೆ ಸಿಕ್ಕಿದ್ದು ಚಿಕ್ಕ ಮಕ್ಕಳ ತರಗತಿ. ನೆಲದ ಮಟ್ಟಕ್ಕೇ ಇರುವ ಅಗಲ ಬಾಗಿಲು, ಹೊಸ್ತಿಲು ಕೂಡ ಇಲ್ಲ. ಅತ್ತೆಯನ್ನು ಬಾಗಿಲ ಹತ್ತಿರ ಮಲಗಿಸಿದೆವು. ಎಲ್ಲರೂ ಮನೆ ಏನಾಯಿತೋ ಎಂದು ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಅವರೊಬ್ಬರು ಹಸನ್ಮುಖಿ. ಊಟದ ಸಾಲು ಆ ಬಾಗಿಲ ಮುಂದೆಯೇ ಹಾದುಹೋಗುತ್ತಿತ್ತು. ನಿಂತ ಜನ ಹತ್ತಿರದಲ್ಲೇ ಇದ್ದುದರಿಂದ ಅವರ ತೊದಲನ್ನು ಕಿವಿಗೊಟ್ಟು ಕೇಳುತ್ತಿದ್ದರು, ಕೇಳಿದರೆ ಅರ್ಥವೂ ಆಗುತ್ತಿತ್ತು. ಇಷ್ಟೇ ಬೇಕಿತ್ತಾ ಇವರಿಗೆ, ನಾಲ್ಕು ಮಾರು ಹತ್ತಿರ? ಯಾರ ಮಗಳ ಮದುವೆ ಆಯಿತು, ಯಾರ ಸೊಂಟ ನೋವು ವಾಸಿಯಾಯಿತು, ಎಲ್ಲ ವಿಚಾರಿಸಿಕೊಂಡರು. ಒಬ್ಬಾಕೆ ಅವರ ತಲೆ ಬಾಚಿದಳು. ಹಾಲಿನಂಗಡಿಯವನ ಹೆಂಡತಿಗೆ ಏನೋ ಹೇಳಿ ಇಬ್ಬರೂ ಬಿದ್ದು ಬಿದ್ದು ನಕ್ಕರು. ಮಾವ ಆ ಮೂಲೆಯಲ್ಲಿ, ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತು ಇದನ್ನೆಲ್ಲ ನೋಡುತ್ತಿದ್ದರು.

ಎರಡನೇ ದಿನ ಬೆಳಿಗ್ಗೆ ನೀರು ಇಳಿದ ಸುದ್ದಿ ಬಂತು. ಮಾವ ಹೋಗಿ ನೋಡಿಕೊಂಡು ಬಂದರು. ವರ್ಕ್‌ಶಾಪಿನಲ್ಲಿ ಮೊಣಕಾಲೆತ್ತರ ನೀರು ನಿಂತು ಇಳಿದಿತ್ತು, ಈಗ ಕೆಸರು. ಮೇಲೆ ಒಂದು ಹನಿಯೂ ಇಲ್ಲ. "ಅಯ್ಯೋ, ಅಮ್ಮನ್ನ ಮೇಲೇ ಬಿಟ್ಟಿದ್ರೂ ಏನೂ ಆಗ್ತಿರ್ಲಿಲ್ಲ ನೋಡಿ, ಸುಮ್ನೆ ಗ್ರಿಲ್ ಹಾಳಾಯ್ತು," ಎಂದು ಯಾರೋ ಸಮಾಧಾನ ಹೇಳುವ ಹಾಗೆ ಹೇಳಿದರು. ಅತ್ತೆ ಅದನ್ನು ಕೇಳಿಸಿಕೊಂಡರು. ಅವರ ಮುಖದ ಮೇಲಿದ್ದ ನಗು ಅಲ್ಲಿಗೇ ನಿಂತಿತು.

ವಾಪಸು ಹೋಗುವ ಲಾರಿ ಅಂಗಳಕ್ಕೆ ಬಂದಾಗ ಮಧ್ಯಾಹ್ನ. ಶಾಲೆಯ ಕಾವಲಿನವನು ಬೀಗದ ಕೈ ಗೊಂಚಲು ಹಿಡಿದು ಒಂದೊಂದೇ ಕೋಣೆ ಮುಚ್ಚುತ್ತ ಬರುತ್ತಿದ್ದ. ನಾನು ಚೀಲಗಳನ್ನು ಹೊರಗಿಟ್ಟೆ. ಮಾವ ಮತ್ತು ಹಾಲಿನಂಗಡಿಯವನು ಆ ಬಾಗಿಲ ಹಲಗೆಯ ಎರಡು ತುದಿ ಹಿಡಿದು ಎತ್ತಲು ಬಗ್ಗಿದರು. ಎತ್ತಿದರೆ ಬರಲಿಲ್ಲ. ನೋಡಿದರೆ ಅತ್ತೆ ಬಲಗೈಯಿಂದ ಗೋಡೆಗೆ ಬಿಗಿದಿದ್ದ ಬೆಂಚಿನ ಕಾಲನ್ನು ಹಿಡಿದುಕೊಂಡಿದ್ದರು.

"ಕೈ ಬಿಡು ಕಣೇ," ಎಂದರು ಮಾವ.

"ನಾನು ಬರಲ್ಲ."

"ಏನ್ ಮಾತು ಇದು? ಶಾಲೆಯಲ್ಲೇ ಇರ್ತೀಯಾ?"

"ಮತ್ತೆ ಮೇಲೆ ಹತ್ತಿಸ್ತೀರಾ. ಹತ್ತಿಸಿದ ಮೇಲೆ ನನ್ನ ಯಾರು ಇಳಿಸ್ತಾರೆ? ಇನ್ನೊಂದು ಸಲ ನೀರು ಬರಬೇಕಾ?"

ಜನ ಸೇರತೊಡಗಿದರು. ಮಾವ ಅಕ್ಕಪಕ್ಕ ನೋಡಿ ಧ್ವನಿ ತಗ್ಗಿಸಿದರು. "ಗ್ರಿಲ್ ಹಾಕಲ್ಲ. ಹಾಗೇ ತೆರೆದಿಡ್ತೀನಿ. ಆಯ್ತಾ?"

"ತೆರೆದಿಟ್ರೆ ನಾನೇನು ಹಾರಿ ಹೋಗ್ತೀನಾ? ನನಗೆ ನೆಲ ಬೇಕು. ಬಾಗಿಲು ಬೇಕು."

"ಕೆಳಗೆ ವರ್ಕ್‌ಶಾಪ್ ಇದೆಯಲ್ಲೇ."

"ನನಗೆ ಗೊತ್ತಿಲ್ವಾ?"

ಮಾವನಿಗೆ ಸಿಟ್ಟು ಬಂತು. ಬಾಯಿ ತೆರೆದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಬೆಂಚಿನ ಕಾಲನ್ನು ಹಿಡಿದ ಆ ಕೈಯನ್ನೇ ನೋಡುತ್ತ ಕುಕ್ಕರಗಾಲಲ್ಲಿ ಕೂತರು. ಆ ಕೈ ಎಷ್ಟು ವರ್ಷ ಅವರಿಗೋಸ್ಕರ ಸರಳು ಹಿಡಿದಿತ್ತು ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ಸರಿ," ಎಂದರು ಕೊನೆಗೆ. "ಕೆಳಗೇ ಇರು. ಈಗ ಬಾ, ಮನೆಗೆ ಹೋಗಿ ನೋಡೋಣ."

"ಇಲ್ಲ. ನೀವು ಮೊದಲು ಖಾಲಿ ಮಾಡಿ ಬನ್ನಿ. ಆಮೇಲೆ ನಾನು ಬರ್ತೀನಿ."

"ಆ ಮೇಜು, ಆ ಕಬ್ಬಿಣ, ಆ ಕೆಸರು... ಇವತ್ತಿಗೆ ಆಗಲ್ಲ ಕಣೇ."

"ನಾಳೆ ಆಗ್ಲಿ. ನಾನು ಕಾಯ್ತೀನಿ. ಕಾದು ಅಭ್ಯಾಸ ಇದೆ."

ಕಾವಲಿನವನು ಬಾಗಿಲಿಗೆ ಬಂದು, "ಬೀಗ ಹಾಕ್ಬೇಕಲ್ಲ ಸ್ವಾಮಿ," ಎಂದ. ಮಾವ ಎದ್ದು ಅವನ ಹೆಗಲ ಮೇಲೆ ಕೈಯಿಟ್ಟು, "ಈ ಒಂದು ರೂಮಿಗೆ ಹಾಕ್ಬೇಡಪ್ಪ," ಎಂದು ಕೇಳಿಕೊಂಡರು. ಅವರು ಯಾರನ್ನಾದರೂ ಕೇಳಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಾವಲಿನವನು ಗೊಂಚಲನ್ನು ಜೇಬಿಗೆ ಹಾಕಿಕೊಂಡು ಆ ಕಡೆ ಹೋದ. ಮಾವ ಅಂಗಿಯ ತೋಳು ಮಡಚಿಕೊಂಡು ಲಾರಿ ಹತ್ತಿದರು. ಹಾಲಿನಂಗಡಿಯವನೂ ಹಿಂದೆಯೇ ಹತ್ತಿದ.

ಲಾರಿ ಗೇಟು ದಾಟಿ ದಿಬ್ಬ ಇಳಿಯುವವರೆಗೂ ಅತ್ತೆ ಬೆಂಚಿನ ಕಾಲನ್ನು ಬಿಡಲಿಲ್ಲ. ಆಮೇಲೆ ಬಿಡಬೇಕೆಂದರೂ ಅವರಿಂದ ಆಗಲಿಲ್ಲ, ಬೆರಳುಗಳು ಮಡಚಿದಂತೆಯೇ ಬಿಗಿದು ಹೋಗಿದ್ದವು. ನಾನು ಪಕ್ಕದಲ್ಲಿ ಕೂತು ಒಂದೊಂದಾಗಿ ಬಿಡಿಸಿದೆ.